ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಬರಬೇಕೆಂದರೆ ಶಾಲೆ ಏನು ಮಾಡಬೇಕು?

ಸೈಕಲ್ ಸುರಕ್ಷತೆ ಅಂದ ಕೂಡಲೇ ಬಹಳ ಶಾಲೆಗಳು ಒಂದು ಭಾಷಣ ಏರ್ಪಡಿಸುತ್ತವೆ. ಯಾರೋ ಬಂದು ಹೆಲ್ಮೆಟ್ ಹಾಕಿಕೊಳ್ಳಿ, ನಿಯಮ ಪಾಲಿಸಿ ಎಂದು ಹೇಳಿ ಹೋಗುತ್ತಾರೆ. ಮಕ್ಕಳು ಕೇಳುತ್ತಾರೆ, ಚಿತ್ರ ಬರೆಯುತ್ತಾರೆ, ಬಹುಮಾನ ಪಡೆಯುತ್ತಾರೆ. ಮಾರನೇ ದಿನ ಗೇಟಿನ ಮುಂದೆ ಅದೇ ನೂಕುನುಗ್ಗಲು, ಅದೇ ಕಾರುಗಳ ಸಾಲು. ಭಾಷಣ ಕೇಳಿ ಯಾರೂ ಸೈಕಲ್ ಕಲಿಯುವುದಿಲ್ಲ. ಅದು ಮೈಗೆ ಹತ್ತಬೇಕಾದ ವಿದ್ಯೆ.

ಇಲ್ಲಿ ಕೆಲಸ ಎರಡು. ಮಗುವಿಗೆ ಕಲಿಸುವುದು ಒಂದು. ಮಗು ಹೋಗುವ ದಾರಿಯನ್ನು ಸರಿ ಮಾಡುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ಮಾಡಿದರೆ ಹೊಣೆಯೆಲ್ಲ ಮಗುವಿನ ತಲೆಗೇ ಬೀಳುತ್ತದೆ. ಹತ್ತು ವರ್ಷದ ಮಗು ಎಷ್ಟೇ ಹುಷಾರಾಗಿದ್ದರೂ ಜೋರಾಗಿ ನುಗ್ಗಿ ಬರುವ ಲಾರಿಯನ್ನು ಅದು ನಿಲ್ಲಿಸಲಾರದು. ಅದಕ್ಕೇ ಈ ಲೇಖನದಲ್ಲಿ ದಾರಿಯ ಕೆಲಸ ಮೊದಲು, ಸೈಕಲ್ ಪಾಠ ಆಮೇಲೆ.

ಗೇಟಿನ ಹೊರಗೆ ನಿಂತು ನೋಡಿ

ಮೊದಲ ವಾರ ಬೇರೇನೂ ಮಾಡಬೇಡಿ. ಶಾಲೆ ಶುರುವಾಗುವ ಅರ್ಧ ಗಂಟೆ ಮುಂಚೆ, ಬಿಟ್ಟ ಮೇಲೆ ಇನ್ನರ್ಧ ಗಂಟೆ, ಇಬ್ಬರು ಶಿಕ್ಷಕರು ಗೇಟಿನ ಹೊರಗೆ ನಿಂತು ನೋಡಲಿ. ಕಾರುಗಳು ಎಲ್ಲಿ ನಿಲ್ಲುತ್ತವೆ? ಎಲ್ಲಿ ಹಿಂದಕ್ಕೆ ತಿರುಗಿಸುತ್ತಾರೆ? ಮಕ್ಕಳು ರಸ್ತೆ ದಾಟುವುದು ದಾಟುವ ಗುರುತು ಇರುವ ಕಡೆಯೋ, ಅಥವಾ ಅನುಕೂಲ ಕಂಡ ಕಡೆಯೋ? ಒಂದು ಸಲ ಮಂಡಿಯೂರಿ, ಎಂಟು ವರ್ಷದ ಮಗುವಿನ ಕಣ್ಣಿನ ಎತ್ತರದಿಂದ ನೋಡಿ. ಸಾಲಾಗಿ ನಿಂತ ಕಾರುಗಳ ಆಚೆ ರಸ್ತೆ ಕಾಣುವುದೇ ಇಲ್ಲ. ಕಾರು ಓಡಿಸುವವರಿಗೂ ಆ ಮಗು ಕಾಣುವುದಿಲ್ಲ.

ಆಮೇಲೆ ತರಗತಿಯಲ್ಲಿ ಮಕ್ಕಳಿಗೆ ಮೂರೇ ಪ್ರಶ್ನೆ ಕೇಳಿ, ಕೈ ಎತ್ತಿಸಿ ಲೆಕ್ಕ ಹಾಕಿ. ಇವತ್ತು ಹೇಗೆ ಬಂದೆ? ಹೇಗೆ ಬರಲು ಇಷ್ಟ? ಸೈಕಲ್ಲಿನಲ್ಲಿ ಬರಲು ಏನು ಅಡ್ಡಿ? ಸೈಕಲ್ ಇಷ್ಟ ಅನ್ನುವವರಿಗೂ ಸೈಕಲ್ಲಿನಲ್ಲಿ ಬರುವವರಿಗೂ ನಡುವೆ ಇರುವ ಅಂತರವೇ ನಿಮ್ಮ ಕೆಲಸದ ಅಳತೆ.

ದೊಡ್ಡ ಹಾಳೆಯ ಮೇಲೆ ಸುತ್ತಲಿನ ರಸ್ತೆಗಳ ನಕ್ಷೆ ಬರೆದು ಗೋಡೆಗೆ ಅಂಟಿಸಿ. ತಾವು ಬರುವ ದಾರಿಯನ್ನು ಮಕ್ಕಳೇ ಗೆರೆ ಎಳೆದು ತೋರಿಸಲಿ. ಭಯ ಆಗುವ ಕಡೆ ಕೆಂಪು ಚುಕ್ಕೆ ಇಡಲಿ. ದೊಡ್ಡವರ ಗಮನಕ್ಕೆ ಬಾರದ ಎಷ್ಟೋ ವಿಷಯ ಇಲ್ಲಿ ಹೊರಗೆ ಬರುತ್ತದೆ: ನಾಯಿಗಳ ಕಾಟ, ಮುಚ್ಚಳ ಇಲ್ಲದ ಚರಂಡಿ, ಜಲ್ಲಿ ಚೆಲ್ಲಿದ ತಿರುವು, ಹಾರ್ನ್ ಬಾರಿಸುತ್ತಾ ಬೆನ್ನಿಗೇ ಬರುವ ವಾಹನ. ಕೆಂಪು ಚುಕ್ಕೆಗಳು ಗುಂಪಾಗಿ ಬಿದ್ದ ಎರಡೋ ಮೂರೋ ಜಾಗಗಳನ್ನು ಮೊದಲು ಹಿಡಿದುಕೊಳ್ಳಿ.

ಡೆನ್ಮಾರ್ಕಿನ ಒಡೆನ್ಸ ನಗರದಲ್ಲಿ 1970ರ ದಶಕದಲ್ಲಿ ಇಂಥದೇ ಕೆಲಸ ನಡೆಯಿತು. ಆಗ ಡೆನ್ಮಾರ್ಕಿನಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕುವ ಮಕ್ಕಳ ಸಂಖ್ಯೆ ಯುರೋಪಿನಲ್ಲೇ ಜಾಸ್ತಿ ಇತ್ತು. ಒಂದೊಂದು ಶಾಲೆಯ ದಾರಿಯಲ್ಲೂ ಅಪಾಯದ ಜಾಗ ಎಲ್ಲಿದೆ ಎಂದು ಗುರುತಿಸಿ, ಅಲ್ಲೇ ರಸ್ತೆಯನ್ನು ಬದಲಿಸುತ್ತಾ ಹೋದರು. ‘ಶಾಲೆಗೆ ಸುರಕ್ಷಿತ ದಾರಿ’ ಎಂದು ಮುಂದೆ ಬೇರೆ ದೇಶಗಳಿಗೆ ಹರಡಿದ ಕಾರ್ಯಕ್ರಮಗಳ ಬೇರು ಅಲ್ಲಿದೆ.

ವೇಗ ಇಳಿಸದೆ ಬೇರೇನೂ ಸಾಲುವುದಿಲ್ಲ

ದಾರಿಯ ವಿಷಯದಲ್ಲಿ ಒಂದೇ ಒಂದನ್ನು ಕೇಳಿ ಪಡೆಯುವ ಅವಕಾಶ ಇದ್ದರೆ, ವಾಹನಗಳ ವೇಗ ಇಳಿಸುವುದನ್ನೇ ಕೇಳಿ. ಗಂಟೆಗೆ 30 ಕಿ.ಮೀ. ವೇಗದ ಕಾರು, ಚಾಲಕ ಅಪಾಯ ಕಂಡ ಕ್ಷಣದಿಂದ ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 13 ಮೀಟರ್ ಬೇಕು. 50 ಕಿ.ಮೀ. ವೇಗದಲ್ಲಿದ್ದರೆ ಸುಮಾರು 28 ಮೀಟರ್. ವೇಗ ಎರಡು ಪಟ್ಟು ಕೂಡ ಆಗಿಲ್ಲ, ದೂರ ಮಾತ್ರ ಎರಡು ಪಟ್ಟು ದಾಟಿತು. 15 ಮೀಟರ್ ಮುಂದೆ ಮಗುವೊಂದು ಅಡ್ಡ ಬಂದರೆ ಮೊದಲ ಕಾರು ನಿಂತಿರುತ್ತದೆ. ಎರಡನೆಯ ಕಾರಿನ ಚಾಲಕ ಆ ಹೊತ್ತಿಗೆ ಬ್ರೇಕ್ ಒತ್ತಲು ಈಗಷ್ಟೇ ಶುರು ಮಾಡಿರುತ್ತಾನೆ.

ಈ ಎರಡು ದೂರಗಳನ್ನು ಶಾಲೆಯ ಅಂಗಳದಲ್ಲಿ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮಕ್ಕಳಿಗೂ ತೋರಿಸಿ, ಪೋಷಕರ ಸಭೆಯ ದಿನ ಪೋಷಕರನ್ನೂ ಅಲ್ಲಿ ನಿಲ್ಲಿಸಿ. ಗೇಟಿನ ಮುಂದೆ ಗಾಡಿ ಓಡಿಸುವವರಲ್ಲಿ ಹೆಚ್ಚಿನವರು ಅವರೇ ಅಲ್ವಾ? 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಮಾವೇಶದ ಘೋಷಣೆ ಕೂಡ, ಸೈಕಲ್ ಸವಾರರೂ ನಡೆಯುವವರೂ ವಾಹನಗಳ ಜೊತೆ ಬೆರೆಯುವ ಕಡೆ ಗರಿಷ್ಠ ವೇಗ 30 ಕಿ.ಮೀ. ಇರಲಿ ಎನ್ನುತ್ತದೆ. ಸ್ಥಳೀಯ ಆಡಳಿತಕ್ಕೆ ಪತ್ರ ಬರೆಯುವಾಗ ಇದನ್ನು ಸೇರಿಸಿ. ಮಕ್ಕಳ ಕೆಂಪು ಚುಕ್ಕೆಯ ನಕ್ಷೆಯನ್ನೂ ಜೊತೆಗಿಡಿ. ಬೋರ್ಡು ಹಾಕಿದರೆ ಸಾಲದು. ರಸ್ತೆ ಉಬ್ಬು, ಕಿರಿದಾದ ತಿರುವು, ಎತ್ತರಿಸಿದ ದಾಟುವ ಜಾಗ ಇದ್ದರೆ ಮಾತ್ರ ವೇಗ ನಿಜಕ್ಕೂ ಇಳಿಯುತ್ತದೆ.

ಇಟಲಿಯ ಬೊಲ್ಜಾನೋ ನಗರ 1989ರಲ್ಲೇ ಇನ್ನೊಂದು ದಾರಿ ಕಂಡುಕೊಂಡಿತು. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಶಾಲೆಯ ಮುಂದಿನ ರಸ್ತೆಯನ್ನು ಸ್ವಲ್ಪ ಹೊತ್ತು ವಾಹನಗಳಿಗೆ ಮುಚ್ಚಿಬಿಡುವುದು. ಲಂಡನ್, ಪ್ಯಾರಿಸ್‌ನಂಥ ನಗರಗಳ ನೂರಾರು ಶಾಲೆಗಳ ಮುಂದೆ ಈಗ ಇಂಥ ‘ಶಾಲಾ ಬೀದಿ’ಗಳಿವೆ. ಅಷ್ಟು ದೊಡ್ಡ ಹೆಜ್ಜೆಗೆ ಒಪ್ಪಿಗೆ ಸಿಗುವವರೆಗೆ ಶಾಲೆಯ ಕೈಯಲ್ಲೇ ಇರುವ ಕೆಲಸಗಳಿವೆ. ಕಾರಿನಲ್ಲಿ ಬಿಡುವವರು ಮೂರ್ನಾಲ್ಕು ನೂರು ಮೀಟರ್ ದೂರದಲ್ಲೇ ಇಳಿಸಲು ಒಂದು ಜಾಗ ಗೊತ್ತು ಮಾಡಿ. ಸೈಕಲ್ ಮತ್ತು ಕಾಲ್ನಡಿಗೆಯ ಮಕ್ಕಳನ್ನು ಹತ್ತು ನಿಮಿಷ ಮುಂಚೆ ಬಿಡಿ. ಇನ್ನೊಂದು ಗೇಟು ಇದ್ದರೆ ಅದನ್ನು ಸೈಕಲ್ಲಿಗೆ ಮಾತ್ರ ಮೀಸಲಿಡಿ.

ಪೋಷಕರ ಭಯಕ್ಕೆ ಕಿವಿಗೊಡಿ

ಪೋಷಕರು ಬೇಡ ಅಂದರೆ ಅದಕ್ಕೆ ಕಾರಣ ಇರುತ್ತದೆ. ವಾದ ಮಾಡಿ ಗೆಲ್ಲಲು ಹೋಗಬೇಡಿ. ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸುವುದಕ್ಕಿಂತ, ರಜಾದಿನದ ಬೆಳಗ್ಗೆ ಅವರ ಜೊತೆಗೇ ಆ ದಾರಿಯಲ್ಲಿ ನಡೆಯುವುದು ಒಳ್ಳೆಯದು. ‘ಇಲ್ಲಿ ಸರಿ, ಇಲ್ಲಿ ಮಾತ್ರ ಆಗಲ್ಲ’ ಎಂಬ ಮಾತು ಆಗ ಬರುತ್ತದೆ. ಅಂಥ ಮಾತಿನಿಂದಲೇ ಕೆಲಸ ಮುಂದೆ ಹೋಗುವುದು. ಸುತ್ತಿ ಬಂದರೂ ಪರವಾಗಿಲ್ಲ, ಗಲಾಟೆ ಇಲ್ಲದ ಗಲ್ಲಿಗಳ ದಾರಿಯೊಂದು ಸಿಕ್ಕರೆ ಅರ್ಧ ಭಯ ಹೋಗುತ್ತದೆ.

ಎಷ್ಟು ವಯಸ್ಸಿಗೆ ಒಬ್ಬರೇ ಹೋಗಬಹುದು ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಚಿಕ್ಕ ಮಕ್ಕಳಿಗೆ ಎದುರು ಬರುವ ವಾಹನದ ವೇಗ ಮತ್ತು ದೂರವನ್ನು ಅಂದಾಜು ಮಾಡುವುದು ಕಷ್ಟ. ಇದು ಬುದ್ಧಿಯ ಕೊರತೆ ಅಲ್ಲ, ಆ ಶಕ್ತಿ ಬೆಳೆಯಲು ವರ್ಷಗಳೇ ಬೇಕು. ಜರ್ಮನಿಯಲ್ಲಿ 8 ವರ್ಷದ ಒಳಗಿನ ಮಕ್ಕಳು ಕಾರುಗಳ ನಡುವೆ ಸೈಕಲ್ ಓಡಿಸುವಂತಿಲ್ಲ, ಫುಟ್‌ಪಾತ್ ಬಳಸಬೇಕು. ಸೈಕಲ್ ಪರೀಕ್ಷೆ ಅಲ್ಲಿ ಸಾಮಾನ್ಯವಾಗಿ 4ನೇ ತರಗತಿಯಲ್ಲಿ. ನೆದರ್ಲೆಂಡ್ಸ್‌ನಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ವರ್ಷಗಳಲ್ಲಿ ಸಂಚಾರ ಪರೀಕ್ಷೆ ನಡೆಯುತ್ತದೆ, ಮಕ್ಕಳು ಊರಿನ ನಿಜವಾದ ರಸ್ತೆಗಳಲ್ಲೇ ಸೈಕಲ್ ತುಳಿದು ತೋರಿಸುತ್ತಾರೆ. ಒಟ್ಟಿನಲ್ಲಿ ಹತ್ತು ವರ್ಷದ ತನಕ ದೊಡ್ಡವರು ಜೊತೆಗಿರಲಿ. ಆಮೇಲೆ ಕೂಡ ವಯಸ್ಸಿಗಿಂತ ಆ ಮಗು ಏನು ಮಾಡಿ ತೋರಿಸುತ್ತದೆ, ಆ ದಾರಿ ಹೇಗಿದೆ ಎಂಬುದನ್ನು ನೋಡಿ ನಿರ್ಧರಿಸಿ. ನಿಮ್ಮ ಕಡೆಯ ಕಾನೂನಿನಲ್ಲಿ ವಯಸ್ಸಿನ ಮಿತಿ ಇದ್ದರೆ ಅದನ್ನು ಮೊದಲೇ ತಿಳಿದುಕೊಳ್ಳಿ.

ಸೈಕಲ್ ಮಗುವಿನ ಅಳತೆಗಿರಲಿ

ಬೆಳೆಯುವ ಮಗು, ಒಂದು ಸೈಜು ದೊಡ್ಡದೇ ಇರಲಿ ಎಂದು ತಂದ ಸೈಕಲ್ ಬಹಳ ಅಪಾಯ. ಸೀಟು ಬಿಟ್ಟು ಮುಂದಿನ ಬಾರಿನ ಮೇಲೆ ಕಾಲು ಅಗಲಿಸಿ ನಿಂತಾಗ ಎರಡು ಪಾದವೂ ಪೂರ್ತಿ ನೆಲಕ್ಕೆ ತಾಗಬೇಕು, ಬಾರಿಗೂ ಮೈಗೂ ನಡುವೆ ಕೆಲವು ಸೆಂಟಿಮೀಟರ್ ಬಿಡುವಿರಬೇಕು. ಕಲಿಯುವ ಹಂತದಲ್ಲಿ ಸೀಟಿನ ಮೇಲೆ ಕೂತಾಗಲೂ ಎರಡೂ ಕಾಲಿನ ಮುಂಭಾಗ ನೆಲಕ್ಕೆ ಸಿಗಲಿ.

ಎಲ್ಲಕ್ಕಿಂತ ಜಾಸ್ತಿ ಮರೆತುಹೋಗುವುದು ಬ್ರೇಕ್ ಲಿವರ್. ಮಗುವಿನ ಬೆರಳು ಚಿಕ್ಕದು. ಹ್ಯಾಂಡಲ್ ಹಿಡಿದ ಹಾಗೆಯೇ ಬೆರಳು ಚಾಚಿದರೆ ಲಿವರ್ ಸಿಗಬೇಕು. ಸಿಗದಿದ್ದರೆ ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಬಹಳ ಲಿವರ್‌ಗಳಲ್ಲಿ ಅದನ್ನು ಹತ್ತಿರ ತರಲು ಒಂದು ಸಣ್ಣ ಸ್ಕ್ರೂ ಇರುತ್ತದೆ. ಮೆಕ್ಯಾನಿಕ್ ಒಬ್ಬರನ್ನು ಶಾಲೆಗೆ ಕರೆಸಿ ಒಂದೇ ದಿನದಲ್ಲಿ ಎಲ್ಲ ಸೈಕಲ್ಲುಗಳನ್ನೂ ನೋಡಿಸಬಹುದು.

ಆಮೇಲೆ ದಿನಾ ನೋಡುವುದನ್ನು ಮಕ್ಕಳಿಗೇ ಕಲಿಸಿ: ಗಾಳಿ, ಬ್ರೇಕು, ಚೈನು. ಟೈರನ್ನು ಹೆಬ್ಬೆರಳಲ್ಲಿ ಒತ್ತಿದರೆ ಗಟ್ಟಿ ಇರಬೇಕು. ಒಂದೊಂದೇ ಬ್ರೇಕ್ ಹಿಡಿದು ಸೈಕಲ್ ತಳ್ಳಿದರೆ ಆ ಚಕ್ರ ತಿರುಗಬಾರದು. ಚೈನು ಜೋತು ಬಿದ್ದಿರಬಾರದು, ಒಣಗಿ ಕಿರುಗುಟ್ಟಬಾರದು. ಹ್ಯಾಂಡಲ್ಲು, ಸೀಟು, ಚಕ್ರದ ನಟ್ಟುಗಳು ಅಲುಗಾಡಬಾರದು. ಇಷ್ಟಕ್ಕೆ ಒಂದು ನಿಮಿಷ ಸಾಕು. ಬ್ಯಾಗು ಹ್ಯಾಂಡಲ್ಲಿಗೆ ನೇತುಬಿಡುವುದು ಬೇಡ, ಕ್ಯಾರಿಯರ್ ಮೇಲೆ ಕಟ್ಟಲಿ ಇಲ್ಲವೇ ಬೆನ್ನಿಗೆ ಹಾಕಿಕೊಳ್ಳಲಿ. ಸಡಿಲ ಪ್ಯಾಂಟು, ದುಪಟ್ಟಾ, ಬಿಚ್ಚಿದ ಲೇಸು ಚೈನಿಗೆ ಸಿಕ್ಕಿಕೊಳ್ಳುತ್ತವೆ.

ಹೆಲ್ಮೆಟ್ ಸರಿಯಾಗಿ ಕೂರಬೇಕು. ಹಿಂದಕ್ಕೆ ವಾಲಿ ಹಣೆ ಪೂರ್ತಿ ಕಾಣುತ್ತಿದ್ದರೆ ಅದು ಹಾಕಿಯೂ ಹಾಕದ ಹಾಗೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಅದರ ಅಂಚು ಇರಲಿ. ಪಟ್ಟಿಗಳು ಕಿವಿಯ ಕೆಳಗೆ ಸೇರಲಿ. ಗಲ್ಲದ ಪಟ್ಟಿಯ ಒಳಗೆ ಒಂದೋ ಎರಡೋ ಬೆರಳು ಹೋಗುವಷ್ಟೇ ಜಾಗ ಇರಲಿ. ಒಳಗಿನ ಥರ್ಮೊಕೋಲ್‌ನಂಥ ಪದರ ಪೆಟ್ಟು ಬಿದ್ದಾಗ ತಾನು ಕುಗ್ಗಿ ತಲೆಯನ್ನು ಉಳಿಸುತ್ತದೆ, ಒಮ್ಮೆ ಕುಗ್ಗಿದ ಮೇಲೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಹೊರಗೆ ಬಿರುಕು ಕಾಣದಿದ್ದರೂ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಬದಲಿಸಲೇಬೇಕು. ಇನ್ನೊಂದು ವಿಷಯ. ಹೆಲ್ಮೆಟ್ ಅಪಘಾತ ತಡೆಯುವುದಿಲ್ಲ, ಆದಾಗ ತಲೆಗೆ ಬೀಳುವ ಪೆಟ್ಟನ್ನು ಕಡಿಮೆ ಮಾಡುತ್ತದೆ. ಅದನ್ನು ಕೊಡಿಸಿ ಕೆಲಸ ಮುಗಿಯಿತು ಎಂದುಕೊಳ್ಳುವ ಶಾಲೆ ಬಹಳ ಮುಖ್ಯವಾದ ಕೆಲಸವನ್ನು ಬಿಟ್ಟಿರುತ್ತದೆ.

ಅಂಗಳದ ಪಾಠ

ಬ್ರಿಟನ್ನಿನಲ್ಲಿ 2007ರಿಂದ ನಡೆಯುತ್ತಿರುವ ‘ಬೈಕೆಬಿಲಿಟಿ’ ತರಬೇತಿಯಲ್ಲಿ ಮೂರು ಹಂತ. ಮೊದಲು ವಾಹನ ಇಲ್ಲದ ಅಂಗಳ, ಆಮೇಲೆ ಗಲಾಟೆ ಇಲ್ಲದ ರಸ್ತೆ, ಕೊನೆಗೆ ಓಡಾಟ ಜಾಸ್ತಿ ಇರುವ ರಸ್ತೆ. ಈ ಕ್ರಮ ಎಲ್ಲಿಗೂ ಹೊಂದುತ್ತದೆ. ಅಂಗಳದ ಪಾಠ ಗಟ್ಟಿಯಾಗದೆ ಯಾರನ್ನೂ ರಸ್ತೆಗೆ ಕರೆದೊಯ್ಯಬೇಡಿ.

ಇನ್ನೂ ಸೈಕಲ್ ಬಾರದ ಮಕ್ಕಳಿದ್ದರೆ ಹಿಂದಿನಿಂದ ಸೀಟು ಹಿಡಿದು ಓಡುವ ಅಗತ್ಯ ಇಲ್ಲ. ಎರಡೂ ಪೆಡಲ್ ಬಿಚ್ಚಿ, ಸೀಟು ಕೆಳಗಿಳಿಸಿ. ಮಗು ಕೂತು ಕಾಲಿನಿಂದ ನೆಲ ಒದೆಯುತ್ತಾ ಹೋಗಲಿ. ಒದೆತ ದೊಡ್ಡದಾಗುತ್ತಾ, ಕಾಲು ಮೇಲೆತ್ತಿ ತೇಲುವ ಹೊತ್ತು ಜಾಸ್ತಿಯಾಗುತ್ತದೆ. ಬ್ಯಾಲೆನ್ಸ್ ಬಂದ ಮೇಲೆ ಪೆಡಲ್ ಹಾಕಿ. ಬದಿಗೆ ಸಣ್ಣ ಚಕ್ರ ಕಟ್ಟಿದ ಸೈಕಲ್ಲಿನಲ್ಲಿ ಮಗು ತುಳಿಯುವುದನ್ನು ಮಾತ್ರ ಕಲಿಯುತ್ತದೆ. ವಾಲಿದಾಗ ಸರಿದೂಗಿಸುವುದನ್ನು ಕಲಿಯಲು ಅಲ್ಲಿ ಅವಕಾಶವೇ ಇಲ್ಲ.

ಸೈಕಲ್ ಬರುವ ಮಕ್ಕಳಿಗೆ ಮೊದಲ ಪಾಠ ಹೊರಡುವುದು ಮತ್ತು ನಿಲ್ಲುವುದು. ಸುಮ್ನೆ ತಳ್ಳಿಕೊಂಡು ಓಡಿ ಹಾರಿ ಕೂರುವ ರೂಢಿ ಬಿಡಿಸಿ. ಒಂದು ಪೆಡಲ್ ಮೇಲಕ್ಕೆ ತಂದು, ಅದರ ಮೇಲೆ ಕಾಲಿಟ್ಟು, ಹಿಂದೆ ನೋಡಿ, ಆಮೇಲೆ ಹೊರಡಲಿ. ನಿಲ್ಲುವಾಗ ಎರಡೂ ಬ್ರೇಕ್ ಒಟ್ಟಿಗೆ. ಮುಂದಿನದನ್ನು ಮಾತ್ರ ಗಬಕ್ಕನೆ ಹಿಡಿದರೆ ಸವಾರ ಮುಂದಕ್ಕೆ ಎಸೆಯಲ್ಪಡಬಹುದು, ಹಿಂದಿನದನ್ನು ಮಾತ್ರ ಹಿಡಿದರೆ ಚಕ್ರ ಜಾರಿ ನಿಲ್ಲುವ ದೂರ ಉದ್ದವಾಗುತ್ತದೆ. ಗೆರೆ ಎಳೆದು, ಅಲ್ಲಿಗೆ ಸರಿಯಾಗಿ ನಿಲ್ಲುವ ಆಟ ಆಡಿಸಿ. ಅದು ಬಂದ ಮೇಲೆ ಸೀಟಿ ಊದಿದ ತಕ್ಷಣ ನಿಲ್ಲುವ ಆಟ. ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಬ್ರೇಕ್ ಹಿಡಿಯುವುದನ್ನು ಮಗು ಆಗ ತಾನಾಗಿಯೇ ಹುಡುಕಿಕೊಳ್ಳುತ್ತದೆ. ನೆಲ ಒದ್ದೆ ಮಾಡಿ ಅದೇ ಆಟ ಆಡಿಸಿದರೆ ಮಳೆಯಲ್ಲಿ ಯಾಕೆ ಬೇಗ ಬ್ರೇಕ್ ಹಿಡಿಯಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ನಿಧಾನ ಸೈಕಲ್ ಸ್ಪರ್ಧೆಯನ್ನು ಬಿಡಬೇಡಿ. ಕಾಲು ಊರದೆ ಕೊನೆಗೆ ಬಂದವರೇ ಗೆದ್ದ ಹಾಗೆ. ಕಡಿಮೆ ವೇಗದಲ್ಲಿ ಹಿಡಿತ ಇರುವ ಮಗು ದಟ್ಟಣೆಯಲ್ಲಿ ತಡವರಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಬರುವ ಪಾಠವೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು: ಹಿಂತಿರುಗಿ ನೋಡುವುದು. ಕೇಳಲು ಸುಲಭ. ಮಾಡಲು ಹೋದರೆ, ತಲೆ ಹಿಂದಕ್ಕೆ ತಿರುಗುತ್ತಿದ್ದಂತೆ ಭುಜ ತಿರುಗುತ್ತದೆ, ಭುಜದ ಜೊತೆ ಕೈ, ಕೈ ಜೊತೆ ಹ್ಯಾಂಡಲ್ಲು. ಸೈಕಲ್ ನೇರವಾಗಿ ರಸ್ತೆಯ ನಡುವಿಗೆ, ಹಿಂದಿನಿಂದ ಬರುವ ವಾಹನದ ಮುಂದಕ್ಕೇ ಹೋಗುತ್ತದೆ. ಹಾಗಾಗಬಾರದು ಎಂದು ಮಕ್ಕಳು ಹಿಂದೆ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಎರಡೂ ಅಪಾಯವೇ.

ಇದನ್ನು ಕಲಿಸಲು ಒಂದು ನೇರ ಗೆರೆ ಎಳೆಯಿರಿ. ಮಗು ಗೆರೆಯ ಮೇಲೆ ಸೈಕಲ್ ತುಳಿಯುತ್ತಾ ಹೋಗಲಿ. ನೀವು ಹಿಂದೆ ನಿಂತು ಬೆರಳುಗಳನ್ನು ಎತ್ತಿ ಹಿಡಿಯಿರಿ. ‘ಎಷ್ಟು?’ ಎಂದು ಕೂಗಿದಾಗ ಮಗು ಹಿಂದೆ ನೋಡಿ ಲೆಕ್ಕ ಹೇಳಬೇಕು, ಸೈಕಲ್ ಗೆರೆ ಬಿಡಬಾರದು. ಗಲ್ಲವನ್ನು ಭುಜಕ್ಕೆ ತಾಗಿಸು, ಕೈ ಸಡಿಲವಾಗಿರಲಿ ಎಂದಷ್ಟೇ ಹೇಳಿ. ಮೊದಮೊದಲು ಎಲ್ಲರ ಸೈಕಲ್ಲೂ ವಾಲುತ್ತದೆ. ಅವಸರ ಬೇಡ. ಎರಡೂ ಕಡೆ ಆಗಲಿ, ಯಾಕೆಂದರೆ ಒಂದು ಬದಿ ಸಲೀಸಾದವರಿಗೆ ಇನ್ನೊಂದು ಬದಿ ಕಷ್ಟವಾಗುವುದೇ ಜಾಸ್ತಿ. ಆಮೇಲೆ ಒಂಟಿಕೈಯಲ್ಲಿ ಓಡಿಸುವುದು, ಆಮೇಲೆ ಎರಡನ್ನೂ ಸೇರಿಸುವುದು: ಹಿಂದೆ ನೋಡು, ಕೈ ತೋರಿಸು, ಎರಡೂ ಕೈ ಹ್ಯಾಂಡಲ್ಲಿಗೆ ತಂದು ತಿರುಗು. ತಿರುಗುವ ಹೊತ್ತಿಗೆ ಕೈ ಬ್ರೇಕಿನ ಮೇಲಿರಬೇಕು. ಈ ಕ್ರಮ ಯೋಚನೆ ಮಾಡದೆ ಬರುವವರೆಗೆ ಅಂಗಳ ಬಿಡಬೇಡಿ, ಎಷ್ಟು ವಾರ ಹಿಡಿದರೂ ಸರಿ.

ರಸ್ತೆಗೆ ಇಳಿದಾಗ

ಗುಂಪು ಚಿಕ್ಕದಿರಲಿ. ಬ್ರಿಟನ್ನಿನ ತರಬೇತಿಯಲ್ಲಿ ಎರಡನೇ ಹಂತಕ್ಕೆ ಒಬ್ಬ ತರಬೇತುದಾರರಿಗೆ ಆರು ಮಕ್ಕಳು, ಮೂರನೇ ಹಂತಕ್ಕೆ ಮೂರೇ ಮಕ್ಕಳು ಎಂಬ ಲೆಕ್ಕ ಇದೆ. ಅದಕ್ಕಿಂತ ದೊಡ್ಡ ಗುಂಪು ಕಟ್ಟಬೇಡಿ.

ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗುವುದೇ ಸುರಕ್ಷಿತ ಎಂದು ಬಹಳ ಮಕ್ಕಳು ತಿಳಿದಿರುತ್ತಾರೆ. ಅಂಚಿನಲ್ಲಿ ಮಣ್ಣು, ಗಾಜು, ಚರಂಡಿಯ ಜಾಲರಿ ಇರುತ್ತವೆ. ಅಡ್ಡರಸ್ತೆಯಿಂದ ಬರುವವರಿಗೆ ಅಂಚಿನ ಸೈಕಲ್ ಕಾಣುವುದಿಲ್ಲ. ಅಂಚಿನಿಂದ ಅರ್ಧ ಮೀಟರಾದರೂ ಒಳಗಿರಲಿ. ನಿಂತ ಕಾರುಗಳ ಪಕ್ಕ ಹೋಗುವಾಗ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು, ಅಂದರೆ ಒಂದು ಮೀಟರಿಗಿಂತ ಹೆಚ್ಚು ದೂರ ಬಿಡಲಿ. ಎರಡು ಕಾರಿನ ನಡುವೆ ಖಾಲಿ ಜಾಗ ಕಂಡಾಗಲೆಲ್ಲ ಒಳಗೆ ನುಗ್ಗಿ ಮತ್ತೆ ಹೊರಗೆ ಬರುವುದು ಬೇಡ. ನೇರ ಗೆರೆಯಲ್ಲಿ ಹೋಗುವ ಸೈಕಲ್ಲನ್ನು ಹಿಂದಿನವರು ಅಂದಾಜು ಮಾಡಬಲ್ಲರು.

ದೊಡ್ಡ ವಾಹನಗಳ ಪಾಠವನ್ನು ನಿಂತ ಬಸ್ಸಿನಲ್ಲೇ ಮಾಡಿ. ಶಾಲಾ ಬಸ್ಸನ್ನು ಅಂಗಳದಲ್ಲಿ ನಿಲ್ಲಿಸಿ, ಒಬ್ಬೊಬ್ಬರನ್ನಾಗಿ ಚಾಲಕರ ಸೀಟಿನಲ್ಲಿ ಕೂರಿಸಿ, ಉಳಿದವರನ್ನು ಬಸ್ಸಿನ ಮುಂದೆ, ಪಕ್ಕ, ಹಿಂದೆ ನಿಲ್ಲಿಸಿ. ಗೆಳೆಯರು ಕಣ್ಣಿಗೆ ಬೀಳದೇ ಇರುವುದನ್ನು ಒಮ್ಮೆ ಕಂಡ ಮಗು ತಿರುಗಲು ನಿಂತ ಲಾರಿಯ ಪಕ್ಕದ ಸಂದಿಗೆ ಹೋಗುವುದಿಲ್ಲ. ಹಿಂದೆಯೇ ನಿಲ್ಲುತ್ತದೆ.

ದೊಡ್ಡ ಜಂಕ್ಷನ್ ಬಂದರೆ ಇಳಿದು, ತಳ್ಳಿಕೊಂಡು, ಕಾಲ್ನಡಿಗೆಯವರ ಜೊತೆ ದಾಟಲಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಎಂದು ಶಿಕ್ಷಕರೇ ಇಳಿದು ತೋರಿಸಲಿ. ಕಿವಿಯಲ್ಲಿ ಇಯರ್‌ಫೋನ್ ಬೇಡವೇ ಬೇಡ. ಕತ್ತಲಾಗುವ ಹೊತ್ತಿದ್ದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಬ್ಯಾಗಿನ ಮೇಲೆ ರಿಫ್ಲೆಕ್ಟರ್ ಪಟ್ಟಿ.

ಒಟ್ಟಿಗೆ ಬರುವುದು: ಸೈಕಲ್ ಬಸ್ಸು

ಇದು ನನಗೆ ಬಹಳ ಇಷ್ಟವಾದ ಉಪಾಯ. ಬಾರ್ಸಿಲೋನಾದಲ್ಲಿ 2021ರಲ್ಲಿ ಶುರುವಾದ ‘ಬೈಸಿಬಸ್’ನಲ್ಲಿ ನೂರಾರು ಮಕ್ಕಳು ಪೋಷಕರ ಜೊತೆ ದೊಡ್ಡ ರಸ್ತೆಯಲ್ಲೇ ಗುಂಪಾಗಿ ಶಾಲೆಗೆ ಹೋದರು. ನೀವು ನಾಲ್ಕೈದು ಮಕ್ಕಳಿಂದ, ವಾರಕ್ಕೆ ಒಂದೇ ದಿನ ಶುರು ಮಾಡಿ. ದಾರಿ ಒಂದೇ ಇರಲಿ, ನಿಲ್ದಾಣಗಳು ಗೊತ್ತಿರಲಿ, ಪ್ರತಿ ನಿಲ್ದಾಣಕ್ಕೂ ಸಮಯ ಇರಲಿ. ಮುಂದೆ ಒಬ್ಬರು ದೊಡ್ಡವರು, ಕೊನೆಯಲ್ಲಿ ಒಬ್ಬರು. ಮುಂದಿನವರನ್ನು ಯಾರೂ ದಾಟುವಂತಿಲ್ಲ, ಕೊನೆಯವರಿಗಿಂತ ಯಾರೂ ಹಿಂದೆ ಉಳಿಯುವಂತಿಲ್ಲ. ಎಲ್ಲರಿಗಿಂತ ನಿಧಾನದ ಮಗುವಿನ ವೇಗವೇ ಗುಂಪಿನ ವೇಗ. ಮಳೆ ಜೋರಾದರೆ ಯಾರು, ಎಷ್ಟು ಗಂಟೆಗೆ, ಹೇಗೆ ತಿಳಿಸುತ್ತಾರೆ ಎಂಬುದನ್ನು ಮೊದಲೇ ನಿಶ್ಚಯಿಸಿ. ಪೋಷಕರು ಬಿಟ್ಟುಹೋಗುವುದು ಇಂಥ ಸಣ್ಣ ಗೊಂದಲಗಳಿಂದಲೇ.

ಸೈಕಲ್ ಇಲ್ಲದ ಮಕ್ಕಳನ್ನು ಹೊರಗಿಡಬೇಡಿ. ಮನೆಗಳಲ್ಲಿ ಬಳಸದೆ ಬಿದ್ದಿರುವ ಚಿಕ್ಕ ಸೈಕಲ್ಲುಗಳನ್ನು ಕೇಳಿ ತಂದು, ರಿಪೇರಿ ಮಾಡಿಸಿ, ಪುಸ್ತಕದ ಹಾಗೆ ಎರವಲು ಕೊಡಬಹುದು. ಬ್ಯಾಲೆನ್ಸ್ ಕಷ್ಟವಾಗುವ ಮಕ್ಕಳಿಗೆ ಮೂರು ಚಕ್ರದ ಸೈಕಲ್ಲೂ ಒಂದಿರಲಿ. ದೊಡ್ಡವರಾಗುತ್ತಿದ್ದಂತೆ ಹುಡುಗಿಯರು ಸೈಕಲ್ ಬಿಡುತ್ತಿದ್ದರೆ ಕಾರಣ ಏನೆಂದು ಅವರನ್ನೇ ಕೇಳಿ. ಸಮವಸ್ತ್ರವೋ, ದಾರಿಯಲ್ಲಿ ಚುಡಾಯಿಸುವವರೋ, ಮನೆಯವರ ಅಳುಕೋ ತಿಳಿಯಲಿ. ಬಿಹಾರದಲ್ಲಿ 2006ರಿಂದ 9ನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಪ್ರೌಢಶಾಲೆ ಸೇರುವ ಹುಡುಗಿಯರ ಸಂಖ್ಯೆ ಏರಿತು. ಶಾಲೆ ದೂರ ಇರುವ ಹಳ್ಳಿಗಳಲ್ಲೇ ಅದರ ಪರಿಣಾಮ ಹೆಚ್ಚು ಕಂಡಿತು.

ಶಾಲೆಯಲ್ಲಿ ಸೈಕಲ್ ನಿಲ್ಲಿಸುವ ಜಾಗಕ್ಕೆ ಮೇಲೊಂದು ಚಾವಣಿ, ಬೀಗ ಹಾಕಲು ಗಟ್ಟಿ ಕಂಬಿ ಬೇಕು. ಚಕ್ರವನ್ನು ಮಾತ್ರ ಸಿಕ್ಕಿಸುವ ಸ್ಟ್ಯಾಂಡಿನಲ್ಲಿ ಕಡ್ಡಿಗಳು ಬಾಗುತ್ತವೆ, ಫ್ರೇಮಿಗೆ ಬೀಗ ಹಾಕುವಂಥದ್ದೇ ಮೇಲು. ಒಂದು ಗಾಳಿ ಪಂಪು, ಪಂಕ್ಚರ್ ಸಾಮಾನು, ನಾಲ್ಕು ಸ್ಪ್ಯಾನರ್ ಅಲ್ಲೇ ಇರಲಿ. ದೊಡ್ಡ ತರಗತಿಯ ಮಕ್ಕಳು ಚಿಕ್ಕವರಿಗೆ ಪಂಕ್ಚರ್ ಹಾಕುವುದನ್ನು ಖುಷಿಯಿಂದ ಕಲಿಸುತ್ತಾರೆ.

ಒಂದು ಪುಸ್ತಕ ಇಡಿ

ಬಿದ್ದದ್ದನ್ನೂ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಅಂದೇ ಬರೆದಿಡಿ. ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ. ತಪ್ಪು ಯಾರದು ಎಂಬ ಪ್ರಶ್ನೆ ಅಲ್ಲಿ ಬೇಡ. ಬೈಗುಳ ಬರುತ್ತದೆ ಎಂದು ಗೊತ್ತಾದರೆ ಮಕ್ಕಳು ಹೇಳುವುದನ್ನೇ ನಿಲ್ಲಿಸುತ್ತಾರೆ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಅಂದು ಮತ್ತೆ ಸೈಕಲ್ ಹತ್ತಿಸಬೇಡಿ. ವಾಂತಿ, ಮಂಪರು, ಗೊಂದಲದ ಮಾತು, ಕಡಿಮೆಯಾಗದ ತಲೆನೋವು ಕಂಡರೆ ತಕ್ಷಣ ವೈದ್ಯರಿಗೆ ತೋರಿಸಿ. ಸೈಕಲ್ಲಿನ ಹ್ಯಾಂಡಲ್ಲು, ಬ್ರೇಕು ಸರಿಯಿದೆಯೇ ಎಂದು ನೋಡದೆ ಮನೆಗೆ ಕಳಿಸಬೇಡಿ.

ಮೂರು ತಿಂಗಳಿಗೊಮ್ಮೆ ಆ ಪುಸ್ತಕವನ್ನೂ ಗೋಡೆಯ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಜಾಗದ ಹೆಸರು ಮತ್ತೆ ಮತ್ತೆ ಬಂದಿದ್ದರೆ ಮಕ್ಕಳಿಗೆ ಇನ್ನಷ್ಟು ಹುಷಾರು ಹೇಳಿ ಪ್ರಯೋಜನ ಇಲ್ಲ. ಆ ಜಾಗದ ಫೋಟೊ ತೆಗೆದು, ಪುಸ್ತಕದ ಆ ಪುಟಗಳ ಪ್ರತಿ ಮಾಡಿಸಿ, ಇಬ್ಬರು ಪೋಷಕರನ್ನು ಕರೆದುಕೊಂಡು ರಸ್ತೆಯ ಹೊಣೆ ಹೊತ್ತವರ ಕಚೇರಿಗೆ ಹೋಗಿ. ಅರ್ಜಿ ಕೊಟ್ಟ ದಿನಾಂಕವನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಉತ್ತರ ಬರುವವರೆಗೆ ಸೈಕಲ್ ಬಸ್ಸಿನ ದಾರಿಯನ್ನು ಆ ಜಾಗ ತಪ್ಪಿಸಿ ಬೇರೆ ಗಲ್ಲಿಯಿಂದ ಒಯ್ಯಿರಿ.